ದನಿ ಇನ್ನ ಜರಾ ಮಾಗ

ನಮ್ಮ ಫೋನಿನ ಗುಂಪಿನಲ್ಲಿ ಹಾಡು ಹಾಕಿದರೆ ಯಾರೂ ಕೇಳುವುದಿಲ್ಲ, ಎಲ್ಲರೂ ಹೊಗಳುತ್ತಾರೆ. ಹಾಡು ಮುಗಿಯುವಷ್ಟು ಹೊತ್ತೂ ಕಳೆದಿರುವುದಿಲ್ಲ, ಆಗಲೇ ‘ಭಾರಿ ಆಗೇತಿ’, ‘ಎಕ್ದಂ ಖಡಕ್’, ‘ಏನ್ ಹಾಡೀಯೋ ದೋಸ್ತಾ’ ಎಂದು ಶಾಭಾಸ್‌ಗಿರಿ ಬಂದು ಬೀಳುತ್ತದೆ. ಹಿಂದೆಯೇ ಚಪ್ಪಾಳೆಯ ಚಿತ್ರ, ಬೆಂಕಿಯ ಚಿತ್ರ. ಬೆಳಗಾವಿ ಸುತ್ತಮುತ್ತ ಮನೆಯಲ್ಲೇ ಕುಳಿತು ಹಾಡು ಮಾಡಿ, ಮನೆಯವರ ಕೈಲಿ ಬೈಸಿಕೊಳ್ಳುವವರ ಗುಂಪು ಅದು. ಒಬ್ಬರು ಹೊಗಳಿದ್ದಕ್ಕೆ ಇನ್ನೊಬ್ಬರು ಹೊಗಳುವುದು ನಮ್ಮಲ್ಲಿ ಮದುವೆಯಲ್ಲಿ ಉಡುಗೊರೆ ಕೊಡುವ ಆಹೇರು ಇದ್ದ ಹಾಗೆ. ಬಂದಷ್ಟೂ ವಾಪಸು ಕೊಡಬೇಕು. ನಾನೂ ಎಷ್ಟೋ ಹಾಡುಗಳಿಗೆ ಕೇಳದೆಯೇ ಬೆಂಕಿ ಹಚ್ಚಿದ್ದೇನೆ.

ನನ್ನ ಹೊಟ್ಟೆಪಾಡು ಆಟೋ ನಗರದಲ್ಲಿ. ಕಾರುಗಳಿಗೆ ಟೇಪು, ಸ್ಪೀಕರು ಕೂಡಿಸುವ ಅಂಗಡಿಯಲ್ಲಿ ಕೆಲಸ. ಬರುವ ಗಿರಾಕಿಗೆ ಬೇಕಾದದ್ದು ಒಂದೇ. “ಕಾಚು ನಡಗಬೇಕ್ ನೋಡ್ರಿ.” ಕಿಟಕಿಯ ಗಾಜು ನಡುಗಿಸಿ ಕಳಿಸುತ್ತೇನೆ. ಸಂಜೆ ಟಿಳಕವಾಡಿಯ ಮನೆಗೆ ಬಂದು ಹಳೆಯ ಲ್ಯಾಪ್‌ಟಾಪಿನಲ್ಲಿ ನನ್ನ ಸ್ವಂತದ್ದನ್ನು ಬಿಚ್ಚುತ್ತೇನೆ. ಹಾರ್ಮೋನಿಯಂ ಒಂದು ಕಡೆ, ತಬಲಾ ಒಂದು ಕಡೆ, ಹಾಡಿದ ದನಿ ಇನ್ನೊಂದು ಕಡೆ ಬೇರೆ ಬೇರೆಯಾಗಿ ತುಂಬಿಕೊಂಡು, ಯಾವುದು ಎಷ್ಟು ಕೇಳಬೇಕು ಎಂದು ಹದ ನೋಡಿ ಒಂದು ಮಾಡುವುದು. ಇದಕ್ಕೆ ಮಿಕ್ಸ್ ಮಾಡುವುದು ಎನ್ನುತ್ತಾರೆ. ನಮ್ಮ ಅವ್ವ “ಮಿಕ್ಸರ್ ಹಚ್ಚ್ಯಾನ” ಎನ್ನುತ್ತಾಳೆ. ಅಡುಗೆಮನೆಯ ಮಿಕ್ಸರಿನಿಂದ ಚಟ್ನಿಯಾದರೂ ಬರುತ್ತದೆ ಎಂಬುದು ಅವಳ ತಕರಾರು.

ನನಗೆ ಹುಟ್ಟಿನಿಂದ ಬಂದದ್ದು ಹಾಡಲ್ಲ, ನಕಲು. ಸಾಲಿಯಲ್ಲಿ ಮಾಸ್ತರರ ಕೆಮ್ಮಿನಿಂದ ಶುರುವಾದದ್ದು, ಈಗ ಸ್ಟೇಶನ್ನಿನ ಸೂಚನೆಯ ಹೆಣ್ಣುದನಿ, ನಮ್ಮ ಅಂಗಡಿಯ ಸಾವಕಾರರು ಹೆಂಡತಿಯ ಫೋನ್ ಬಂದಾಗ ಆಡುವ ಮೆತ್ತನೆಯ ದನಿ, ತಿರುವಿನಲ್ಲಿ ಏದುಸಿರು ಬಿಡುವ ಖಾನಾಪುರದ ಬಸ್ಸು, ಎಲ್ಲವನ್ನೂ ತೆಗೆಯುತ್ತೇನೆ. ಗುಂಪಿನಲ್ಲಿ ನಾನು ಯಾರಿಗಾದರೂ ನಿಜವಾದ ಅಭಿಪ್ರಾಯ ಹೇಳಿದ್ದರೆ ಅದೂ ನಕಲಿನಲ್ಲೇ. ಕ್ಯಾಂಪ್ ಬಡಾವಣೆಯ ಗೆಳೆಯನೊಬ್ಬ ಹಾಕಿದ ಹಾಡಿನಲ್ಲಿ ತಬಲಾ ಡಬ್ಬಾ ಬಡಿದಂತೆ ಕೇಳುತ್ತಿತ್ತು. ನಾನು ಬಾಯಿಂದಲೇ ಡಬ್ಬಾ ಬಡಿದು ಕಳಿಸಿದೆ. ಆತ ಕೆಲವು ವಾರ ಮಾತು ಬಿಟ್ಟ.

ಖಾನಾಪುರದಾಕಿ ಮಾತು ಬಿಡಲಿಲ್ಲ. ಅವಳನ್ನು ಹಾಗೇ ಕರೆಯುತ್ತೇನೆ, ಮನಸ್ಸಿನಲ್ಲೂ. ತನ್ನ ಮಾಮಾನ ಔಷಧದ ಅಂಗಡಿಯಲ್ಲಿ ಕುಳಿತುಕೊಳ್ಳುವ ಹುಡುಗಿ. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಮನೆಮಾತು ಮರಾಠಿ, ಕಲಿತದ್ದೂ ಮರಾಠಿ ಸಾಲಿಯಲ್ಲಿ, ಕನ್ನಡ ಮಾತ್ರ ಓಣಿಯಿಂದ ಬಂದದ್ದು. ಅವರ ಓಣಿಯ ಭಜನಿ ಮಂಡಳಿಯ ಹಾಡುಗಳನ್ನು ಅವಳು ಗುಂಪಿಗೆ ಹಾಕುತ್ತಿದ್ದಳು. ಒಂದರಲ್ಲಿ ತಾಳದ ಸದ್ದು ಹಾಡನ್ನೇ ನುಂಗಿ ನೀರು ಕುಡಿದಿತ್ತು. ನಾನು ಸುಮ್ಮನಿರಲಿಲ್ಲ. ಪಾತ್ರೆ ಅಂಗಡಿಯಲ್ಲಿ ಬೆಕ್ಕು ಹೊಕ್ಕರೆ ಏನಾಗುತ್ತದೋ ಅದನ್ನು ಮಾಡಿ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಅವಳ ದನಿಯ ಸಂದೇಶ ಬಂತು. ಹಿಂದೆ ಫ್ಯಾನಿನ ಸದ್ದು, ಯಾರೋ ಕೆಮ್ಮುತ್ತಿದ್ದರು. “ಖರೇ ಅದ ರೀ. ಆ ಬೆಕ್ಕು ನಮ್ಮ ಕಾಕಾ. ಈ ಸಲ ಅವರನ್ನ ಅಂಗಳದಾಗ ಕುಂಡ್ರಸ್ತೀನಿ.”

ಚೇಷ್ಟೆಗೆ ಅಂದಳು ಎಂದುಕೊಂಡೆ. ಮುಂದಿನ ಹಾಡಿನಲ್ಲಿ ತಾಳ ನಿಜಕ್ಕೂ ಅಂಗಳದಿಂದ ಕೇಳಿಸಿತು. ಹಾಡು ಎಷ್ಟು ಚಂದ ತೆರೆದುಕೊಂಡಿತೆಂದರೆ ನಾನು ನಕಲು ಮಾಡುವುದನ್ನು ಮರೆತು, ಹ್ಯಾಂಗ ಮಾಡಿದ್ರಿ ಎಂದು ಕೇಳಿದೆ. ಅವಳ ಹತ್ತಿರ ಲ್ಯಾಪ್‌ಟಾಪಿಲ್ಲ, ಬೇರೆ ಬೇರೆ ತುಂಬಿಕೊಳ್ಳುವ ವ್ಯವಸ್ಥೆ ಇಲ್ಲ. ನಡುಮನೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಒಂದು ಫೋನು. ಅವಳ ಮಿಕ್ಸ್ ಎಂದರೆ ಮನುಷ್ಯರನ್ನು ಸರಿಸುವುದು. ಜೋರಿನವರು ಹಿಂದಕ್ಕೆ, ಮೆತ್ತನೆಯವರು ಫೋನಿನ ಹತ್ತಿರ, ಸುಮ್ಮನೆ ಬಾಯಿ ಆಡಿಸುವವರು ಚಹಾ ಮಾಡಲು. ಇಡೀ ಭಜನಿ ಮಂಡಳಿಯ ಹಿರಿಯರು ಅವಳು ಹೇಳಿದ ಕಡೆ ಎದ್ದು ಕೂರುತ್ತಾರೆ ಎನ್ನುವುದು ನನಗೆ ಹಾಡಿಗಿಂತ ಹೆಚ್ಚು ಹಿಡಿಸಿತು.

ಅಲ್ಲಿಂದ ಗುಂಪು ಬಿಟ್ಟು ನಮ್ಮಿಬ್ಬರದೇ ಮಾತು. ಎಲ್ಲವೂ ದನಿಯಲ್ಲೇ. ಅವಳಿಗೆ ಕನ್ನಡ ಬರೆಯಲು ಬಾರದು, ನನಗೆ ಮರಾಠಿ ಓದುವುದೆಂದರೆ ಬೋರ್ಡು ಓದುವಷ್ಟೇ. ಅವಳ ಕನ್ನಡದೊಳಗೆ ಮರಾಠಿ, ನನ್ನ ಮರಾಠಿಯೊಳಗೆ ಕನ್ನಡ ಹಾದುಹೋಗುತ್ತಿತ್ತು. ನಮ್ಮ ಕಡೆ ಇದೇನೂ ವಿಶೇಷವಲ್ಲ, ಬಸ್ಸಿನಲ್ಲಿ ಕಂಡಕ್ಟರನ ಜೊತೆಗೂ ಹೀಗೇ ಮಾತಾಡುತ್ತೇವೆ. ನನಗೆ ಮಾತ್ರ ವಿಶೇಷವಾಗಿತ್ತು. ಗಿರಾಕಿಯ ಕಾರಿನ ಬಾಗಿಲ ಹಲಗೆ ಬಿಚ್ಚಿ ಒಳಗೆ ಕೈಹಾಕಿದ್ದಾಗ ಜೇಬಿನಲ್ಲಿ ಫೋನು ಮಿಸುಕಿದರೆ ಕೈ ಅಲ್ಲೇ ನಿಲ್ಲುತ್ತಿತ್ತು.

ಆಗ ನಾನೊಂದು ಹಾಡು ಮಾಡಿದೆ. ರಾಗ ನನ್ನದು, ಮಾತೂ ನನ್ನವೇ. ಎರಡನೇ ಗೇಟು ಬಿದ್ದಿದೆ, ರೈಲು ಇನ್ನೂ ಬಂದಿಲ್ಲ, ಆಚೆ ಬದಿಯಲ್ಲಿ ಯಾರೋ ನಿಂತಿದ್ದಾರೆ, ಇಷ್ಟೇ ಸಂಗತಿ. ಟಿಳಕವಾಡಿಯವರಿಗೆ ಇದು ಪ್ರೇಮವಲ್ಲ, ದಿನದ ಗೋಳು. ಆದರೂ ಬರೆದೆ. ತೊಂದರೆ ಹಾಡಲು ಕುಳಿತಾಗ ಬಂತು. ನನ್ನ ದನಿ ಯಾವುದು ಎಂಬುದೇ ಗೊತ್ತಿರಲಿಲ್ಲ. ಮೊದಲ ಸಲ ಹಾಡಿದಾಗ ರೇಡಿಯೋದ ಹಳೆಯ ಗಾಯಕರೊಬ್ಬರು ಬಂದು ಕುಳಿತಿದ್ದರು. ಅವರನ್ನು ಓಡಿಸಿದೆ, ಎರಡನೇ ಸಲ ಆರ್ಕೆಸ್ಟ್ರಾದವನು ಬಂದ. ಊರಲ್ಲಿರುವ ಎಲ್ಲರ ದನಿಗಳೂ ಈ ಗಂಟಲಿಗೆ ಬಾಡಿಗೆಗೆ ಬಂದಿವೆ, ಮನೆ ಯಜಮಾನ ಮಾತ್ರ ನಾಪತ್ತೆ. ಕೊನೆಗೆ ಏನೋ ಒಂದು ಮಾಡಿ ಮುಗಿಸಿ ಅವಳಿಗೆ ಕಳಿಸಿದೆ. ಗುಂಪಿಗೆ ಹಾಕಲಿಲ್ಲ. ನನಗೆ ಬೇಕಾಗಿದ್ದದ್ದು ಬೆಂಕಿಯ ಚಿತ್ರವಲ್ಲ. ನಾನು ಯಾರನ್ನೂ ಅಣಕಿಸದೆ ಬಾಯಿ ತೆರೆದರೆ ಅವಳಿಗೆ ಕೇಳಬೇಕೆನಿಸುತ್ತದೆಯೇ ಎಂದು ಗೊತ್ತಾಗಬೇಕಿತ್ತು, ಅಷ್ಟೇ.

ಮಧ್ಯಾಹ್ನ ಉತ್ತರ ಬಂತು. ಫ್ಯಾನಿನ ಗರಗರದ ನಡುವೆ ನನಗೆ ಕೇಳಿಸಿದ್ದು ಹೀಗೆ: “ಹಾಡು ಚಂದ ಅದ ರೀ. ಪಣ ದನಿ ಜರಾ ಮ್ಯಾಗ ತಗೋರಿ.” ಆಮೇಲೆ ಯಾರಿಗೋ, “ಕಾಯ್ ಪಾಯಜೆ, ಕಾಕಾ? ತಾಪಾಚಿ ಗೋಳಿ?” ಜ್ವರದ ಗುಳಿಗೆ ಕೇಳಿ ಬಂದ ಆ ಕಾಕಾನಿಗೆ ಒಳ್ಳೆಯದಾಗಲಿ ಎಂದು ಹಾರೈಸಿದೆ. ಮ್ಯಾಗ ತಗೋರಿ! ಪಣ ಎಂದರೆ ಆದರೆ, ಮ್ಯಾಗ ತಗೋರಿ ಎಂದರೆ ಮೇಲೆ ತನ್ನಿ. ನನ್ನ ದನಿ ಅವಳಿಗೆ ಇನ್ನಷ್ಟು ಕೇಳಬೇಕಾಗಿದೆ.

ಮೇಲೆ ತಂದೆ. ಹಾರ್ಮೋನಿಯಂ ಇಳಿಸಿ ದನಿ ಏರಿಸಿ ಕಳಿಸಿದೆ.

“ಇಲ್ಲ ರೀ, ಇನ್ನ ಮ್ಯಾಗ.”

ಇನ್ನೂ ಏರಿಸಿದೆ. ತಬಲಾ ಹಿಂದೆ ಸರಿಯಿತು. ಎರಡು ದಿನ ಬಿಟ್ಟು ಬಂದ ಸಂದೇಶದಲ್ಲಿ ಅವಳ ದನಿ ಸ್ವಲ್ಪ ಬಿರುಸಾಗಿತ್ತು. “ಅರೇ, ನಾ ಏನ್ ಹೇಳಾಕತ್ತೀನಿ, ನೀ ಏನ್ ಮಾಡಾಕತ್ತಿ? ಮ್ಯಾಗ ತಗೋ ಅಂದ್ರ ತಗೋ ನೋಡೂಣು!”

ರೀ ಹೋಗಿ ನೀ ಬಂದಿತ್ತು. ಆ ಸಂದೇಶವನ್ನು ಎಷ್ಟು ಸಲ ಕೇಳಿದೆನೋ. ಸಿಟ್ಟಿನಲ್ಲಿ ಬಂದ ‘ನೀ’ ಆದರೂ ನೀ ನೀಯೇ. ಸಿಟ್ಟು ಬರುವಷ್ಟು ನನ್ನ ದನಿಯ ಮೇಲೆ ಇವಳಿಗೆ ಆಸೆ ಎಂದುಕೊಂಡು, ತಂಬೂರಿಯನ್ನೂ ಇಳಿಸಿಬಿಟ್ಟೆ. ಈಗ ಹಾಡಿನಲ್ಲಿ ಉಳಿದಿದ್ದವನು ನಾನೊಬ್ಬನೇ. ವಾದ್ಯಗಳೆಲ್ಲ ನೆರೆಮನೆಯಲ್ಲಿ ನಡೆಯುತ್ತಿರುವ ಕಾರ್ಯಕ್ರಮದಂತೆ ಕೇಳುತ್ತಿದ್ದವು.

ಅವ್ವ ಬಾಗಿಲಲ್ಲಿ ನಿಂತು ಕೇಳಿ, “ಯಾಕೋ, ಹಲ್ಲ ನೋಯಾಕತ್ತಾವೇನು?” ಎಂದಳು. ಅಂಗಡಿಯಲ್ಲಿ ಒಂದು ಕಾರಿಗೆ ಸ್ಪೀಕರು ಕೂಡಿಸಿ ಪರೀಕ್ಷೆಗೆಂದು ಅದನ್ನೇ ಹಚ್ಚಿದೆ. ಸಾವಕಾರರು ಕಾರಿನೊಳಗೆ ತಲೆ ಹಾಕಿ, “ಏ ಹೀರೋ, ಸ್ಪೀಕರ್ ಕೆಟ್ಟಾವೇನು? ಬರೇ ಒಬ್ಬ ಮನಷ್ಯಾ ಒದರಾಕತ್ತಾನಲ್ಲೋ,” ಎಂದರು. ಇವರಿಗೇನು ಗೊತ್ತು ಎಂದುಕೊಂಡೆ. ಅಭಿಪ್ರಾಯ ಕೊಡುವುದಕ್ಕೂ ಒಂದು ಕಿವಿ ಬೇಕು, ಆ ಕಿವಿ ಖಾನಾಪುರದಲ್ಲಿದೆ.

ಆ ಕಿವಿಯಿಂದ ಬಂದ ಮುಂದಿನ ಉತ್ತರ: “ಇರಲಿ ಬಿಡ್ರಿ.” ಅಷ್ಟೇ. ಪಣ ಇಲ್ಲ, ನೀ ಇಲ್ಲ, ಕೆಮ್ಮುವ ಗಿರಾಕಿಯೂ ಇಲ್ಲ. ಇನ್ನೂ ಎಷ್ಟು ಮೇಲೆ ತರಲಿ? ಕಾರಿನ ಸ್ಪೀಕರುಗಳಿಗಿಂತ ಮೇಲೆ ಹೋಗಲು ಜಾಗವಿರಲಿಲ್ಲ.

ಅದೇ ವಾರ ಖಾನಾಪುರದ ಗಿರಾಕಿಯೊಬ್ಬರು ತಮ್ಮ ಕಾರಿಗೆ ಮನೆಗೇ ಬಂದು ಟೇಪು ಕೂಡಿಸಬೇಕೆಂದು ಕೇಳಿದಾಗ, ಬೇರೆಯವರು ಬಾಯಿ ತೆರೆಯುವ ಮೊದಲು ನಾನು ಚೀಲ ಕಟ್ಟಿದ್ದೆ. ರೈಲಿನಲ್ಲಿ ಹೋದೆ. ದೇಸೂರು ದಾಟಿ ಇದಲಹೊಂಡ ಬರುವಷ್ಟರಲ್ಲಿ ಅವಳ ಮುಂದೆ ಆಡಬೇಕಾದ ಮಾತುಗಳನ್ನು ಹಲವು ದನಿಗಳಲ್ಲಿ ಆಡಿ ನೋಡಿದೆ. ಎಲ್ಲವೂ ಚಂದ ಬಂದವು, ಒಂದೂ ನನ್ನದೆನಿಸಲಿಲ್ಲ. ಎದುರಿಗೆ ಕುಳಿತ ಅಜ್ಜಿ ಸೀಟು ಬದಲಿಸಿದಳು.

ಕಾರಿನ ಯಜಮಾನರು ದಪ್ಪ ಮೀಸೆಯ, ಜೋರು ಮಾತಿನ ಕಾಕಾ. ಕೆಲಸ ಮುಗಿಸಿ, ಪೇಟೆಯ ಕಡೆ ಒಂದು ಸುತ್ತು ಹಾಕಿ ಪರೀಕ್ಷೆ ಮಾಡೋಣ ಎಂದೆ. ಸುತ್ತು ಹಾಕುತ್ತ ಹಾಕುತ್ತ ಕಾರು ಔಷಧದ ಅಂಗಡಿಯ ಮುಂದೆ ನಿಲ್ಲುವ ಹಾಗೆ ದಾರಿ ಹೇಳಿದೆ. ಅವಳು ಕಟ್ಟೆಯ ಹಿಂದೆ ನಿಂತು ಯಾರಿಗೋ ಔಷಧದ ಹೊತ್ತು ತಿಳಿಸಿ ಹೇಳುತ್ತಿದ್ದಳು. ಫೋಟೋದಲ್ಲಿ ಕಂಡದ್ದಕ್ಕಿಂತ ಗಿಡ್ಡ. ನನ್ನನ್ನು ನೋಡಿ ಗುರುತು ಹಿಡಿಯಲಿಲ್ಲ. ನಾನು ಕಿಟಕಿಯಿಂದ ಮುಖ ಹೊರಹಾಕಿ ಪಾತ್ರೆ ಅಂಗಡಿಯ ಬೆಕ್ಕು ಮಾಡಿದೆ. ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು ನಕ್ಕಳು, ಮಾಮಾನಿಗೆ ಏನೋ ಹೇಳಿ ಹೊರಗೆ ಬಂದಳು.

“ನೀ ಏನ್ ಇಲ್ಲೆ?”

“ಡ್ಯೂಟಿ ಮ್ಯಾಲೆ ಬಂದೀನಿ,” ಎಂದೆ. “ಹಾಡು ತಂದೀನಿ. ಇದರಾಗ ಕೇಳು, ಅಂದ್ರ ತಿಳೀತದ.”

ಅವಳು ನನ್ನ ಕಿಟಕಿಯ ಹತ್ತಿರ ನಿಂತಳು. ಹಾಡು ಹಚ್ಚಿದೆ. ಹೊಸ ಸ್ಪೀಕರುಗಳಿಂದ ನನ್ನ ದನಿ ಪೇಟೆಯ ತುಂಬ ಹರಿಯಿತು. ಹಣ್ಣಿನ ಗಾಡಿಯವನು ತಿರುಗಿ ನೋಡಿದ. ಕಾಕಾ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕಣ್ಣುಮುಚ್ಚಿ ಕೇಳುತ್ತಿದ್ದವರು ಕಣ್ಣು ತೆರೆದರು.

“ಕಾಚು ನಡಗವೊಲ್ದಲ್ಲೋ ತಮ್ಮಾ. ಮತ್ತ ಇಂವ ಯಾರು ಹಾಡಾಂವ? ನೆಗಡಿ ಆಗೇತೇನ ಇವಂಗ?”

“ಹೌದ್ರಿ, ಭಾಳ ದಿನದಿಂದ,” ಎಂದೆ.

ಅವಳು ನಗಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು, “ಮತ್ತ ಅದ ಮಾಡೀಯಲ್ಲ! ಎಷ್ಟ ಸಲ ಹೇಳೀನಿ ನಿನಗ? ಮಾಗ, ಮಾಗ, ಮಾಗ!” ಎಂದಳು. ಹೇಳುತ್ತ ಹೇಳುತ್ತ ಅವಳ ಕೈ ಹೆಗಲ ಮೇಲಿಂದ ಹಿಂದಕ್ಕೆ, ಹಿಂದಕ್ಕೆ ಹೋಯಿತು. ಭಜನಿ ಮಂಡಳಿಯ ಕಾಕಾನನ್ನು ಅಂಗಳಕ್ಕೆ ಕಳಿಸುವ ಕೈ ಅದು.

ನಾನು ಆ ಕೈಯನ್ನೇ ನೋಡಿದೆ. ನಮ್ಮಲ್ಲಿ ಮ್ಯಾಗ ಎಂದರೆ ಮೇಲೆ. ಅವಳ ಮರಾಠಿಯಲ್ಲಿ ಮಾಗ ಎಂದರೆ ಹಿಂದೆ. ನಡುವೆ ಇರುವುದು ಒಂದು ಯ ಒತ್ತು, ಅದನ್ನು ಫ್ಯಾನಿನ ಗರಗರ ಸೇರಿಸಿತ್ತು. ಸೇರಿಸಿದ್ದು ಫ್ಯಾನಲ್ಲ, ನಾನೇ. ಬೇಕಾದದ್ದನ್ನು ಕೇಳಿಸಿಕೊಂಡಿದ್ದೆ. ಅವಳು ಹಿಂದೆ ಸರಿ ಎಂದಷ್ಟೂ ನಾನು ಮುಂದೆ ಮುಂದೆ ಹೋಗಿ ಅವಳ ಕಿವಿಯಲ್ಲೇ ಮಂಚ ಹಾಕಿಕೊಂಡಿದ್ದೆ.

ಹೇಳಿದೆ. ಹೇಳದೆ ಹೇಗಿರಲಿ? ಮೊದಲು ಅರ್ಥವಾಗದೆ ನಿಂತಳು, ಆಮೇಲೆ ಕಾರಿನ ಬಾಗಿಲು ಹಿಡಿದು ಬಗ್ಗಿ ಬಗ್ಗಿ ನಕ್ಕಳು. “ನಾ ತಿಳದೆ, ಇಂವ ಏನ್ ಹಟಮಾರಿ ಇದ್ದಾನಪ್ಪಾ, ಹೇಳಿದ್ದರ ಉಲ್ಟಾ ಮಾಡ್ತಾನ ಅಂತ!” ಕಾರಿನ ಕಾಕಾನಿಗೂ ವಿಷಯ ತಿಳಿದು, ಅವರು ಹೊಟ್ಟೆ ಅಲುಗಿಸಿ ನಕ್ಕದ್ದಕ್ಕೆ ಕೊನೆಗೂ ಕಾಚು ನಡುಗಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಗುವುದು ನನಗೆ ಚೆನ್ನಾಗಿ ಬರುವ ಕೆಲಸ.

ನಗು ಇಳಿದ ಮೇಲೆ ಕೇಳಿದೆ. “ದನಿ ಚಲೋ ಇಲ್ಲೇನು?”

“ಚಲೋ ಅದ. ಪಣ ಹತ್ರ ಬಂದ್ರ ಅದು ನಿಂದಲ್ಲ ಅಂತ ಗೊತ್ತಾಗ್ತದ. ಒಂದ ಸಾಲಿನ್ಯಾಗ ಒಬ್ರು, ಇನ್ನೊಂದರಾಗ ಇನ್ನೊಬ್ರು. ಕಡೀಕ ದಮ್ಮು ಹತ್ತಿ ಒಂದ ಸಾಲು ಹಂಗ ಬಿಟ್ಟಿ ನೋಡು, ‘ಗೇಟು ಎತ್ತಲಿಲ್ಲ’ ಅಂತ. ಅದೊಂದ ನೀ.”

“ಮತ್ತ ಹಿಂದ ಯಾಕ ಹಾಕಬೇಕು?”

“ಗೇಟಿನ ಆಚೆ ಬಾಜು ನಿಂತಾಂವ ಹಾಡಾಕತ್ತಾನಲ್ಲಾ? ಮತ್ತ ಆಚೆ ಬಾಜೂನಿಂದನ ಕೇಳಬೇಕು. ಕೇಳಿದಾಕಿಗೆ ಹೋಗಿ ನೋಡಬೇಕು ಅನಸಬೇಕು.”

ಮಾಮಾ ಕರೆದರು, ಹೋದಳು. ಕಟ್ಟೆಯ ಹಿಂದೆ ನಿಂತು ಮತ್ತೆ ಯಾರಿಗೋ ಊಟದ ಮೊದಲು, ಊಟದ ನಂತರ ಎಂದು ಹೇಳತೊಡಗಿದಳು. ಈ ಕಡೆ ಒಮ್ಮೆ ನೋಡಿ ಕೈ ಎತ್ತಿದಳು. ಹೋಗಿ ಬಾ ಎಂದೋ, ಹೋಗು ಎಂದೋ. ಅವಳ ಕೈಯ ಭಾಷೆಯನ್ನಾದರೂ ಸರಿಯಾಗಿ ಓದಬೇಕೆಂದು ಹಟ ಹಿಡಿದು, ಯಾವುದೂ ಅಲ್ಲ, ಬರೀ ಕೈ ಎಂದು ತೀರ್ಮಾನಿಸಿದೆ.

ಬೆಳಗಾವಿಗೆ ಬಂದು ಹಾಡನ್ನು ಮತ್ತೆ ಮಾಡಿದೆ. ಹಾರ್ಮೋನಿಯಂ ಮುಂದೆ ಬಂತು, ತಬಲಾ ತನ್ನ ಜಾಗಕ್ಕೆ ಬಂತು, ನಾನು ಹಳಿಯ ಆಚೆಗೆ ಹೋದೆ. ಆ ಒಂದು ಸಾಲಿನ ಹಾಗೆ ಪೂರ್ತಿ ಹಾಡಲು ಪ್ರಯತ್ನಿಸಿದೆ, ಆಗಲಿಲ್ಲ. ದಮ್ಮು ಹತ್ತಿದವನ ನಕಲು ಮಾಡುತ್ತಿದ್ದೇನೆ ಎಂದು ಗೊತ್ತಾಗಿ ಬಿಟ್ಟುಬಿಟ್ಟೆ. ಆದರೆ ಹಿಂದೆ ಸರಿದ ಮೇಲೆ ಹಾಡು ಕೇಳುವ ಹಾಗಾಯಿತು. ಅವ್ವ ಸೊಪ್ಪು ಸೋಸುತ್ತ ಕೇಳಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿರುವುದು ದೊಡ್ಡ ಪದಕ.

ಖಾನಾಪುರದಿಂದ ಉತ್ತರ ಬಂತು. “ಹಾಂ. ಈಗ ಬರೋಬರಿ ಆತು.”

ಬರೋಬರಿ ಆದ ಮೇಲೆ ಏನು ಮಾತಾಡುವುದು? ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹಾಡು ಕೆಟ್ಟಿದ್ದಷ್ಟು ದಿನ ಅವಳಿದ್ದಳು. ಸರಿಯಾದ ದಿನದಿಂದ ಜೇಬಿನಲ್ಲಿ ಫೋನು ಮಿಸುಕಿದರೆ ಸಾವಕಾರರದ್ದೇ, ಇಲ್ಲವೇ ಸಿಮ್ ಕಂಪನಿಯವರದ್ದೇ. ಹಾಡನ್ನು ಗುಂಪಿಗೆ ಹಾಕಿದೆ, ಬೆಂಕಿ ಬಂತು, ಚಪ್ಪಾಳೆ ಬಂತು. ಕ್ಯಾಂಪಿನ ಗೆಳೆಯನಂತೂ ರಾಜಿಯಾಗಿ ‘ಭಾರಿ’ ಎಂದ. ಯಾರೂ ಕೇಳಿರಲಿಲ್ಲ. ಎರಡನೇ ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡು ನಿಂತಾಗಲೆಲ್ಲ, ಈಗ ಒಂದು ವಾದ್ಯವನ್ನು ಸ್ವಲ್ಪ ಕೆಡಿಸಿ ಅವಳಿಗೆ ಕಳಿಸಿದರೆ ಹೇಗೆ ಎಂದು ಯೋಚನೆ ಬರುತ್ತಿತ್ತು. ಕಳಿಸಲಿಲ್ಲ. ಅವಳು ಸರಿಮಾಡಿದ್ದನ್ನು ಕೆಡಿಸಲು ಕೈ ಬರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಅವಳೇ ಒಂದು ಹಾಡು ಕಳಿಸಿದಳು. ಭಜನಿ ಮಂಡಳಿಯದಲ್ಲ, ಅವಳದೇ. ಜೊತೆಗೆ ಒಂದು ದನಿಯ ಸಂದೇಶ: “ನಾ ಹಾಡೀನಿ. ಯಾರಿಗೂ ಕಳಸಿಲ್ಲ. ಖರೇ ಖರೇ ಹೇಳು. ನಕಲು ಮಾಡಬ್ಯಾಡ, ಹಾಂ.”

ಊಟದ ಹೊತ್ತಿಗೆ ಅಂಗಡಿಯ ಹಿಂದೆ ನಿಂತಿದ್ದ ಗಿರಾಕಿಯೊಬ್ಬರ ಕಾರಿನಲ್ಲಿ ಕುಳಿತು, ಕಿಟಕಿ ಏರಿಸಿ ಕೇಳಿದೆ. ಹಾರ್ಮೋನಿಯಂ ತೀರ ಹತ್ತಿರ, ಅದರ ಗಾಳಿಯೂದುವ ಭಾತೆಯ ಉಸಿರು ಕೂಡ ಕೇಳುತ್ತಿತ್ತು. ಅವಳು ಎಲ್ಲೋ ಬಾಗಿಲ ಹತ್ತಿರ. ಸ್ಟೂಲಿನ ಬಳಿ ಹಾರ್ಮೋನಿಯಂನವರನ್ನು ಕೂರಿಸಿ, ತಾನು ಹೊಸ್ತಿಲಿಗೆ ಸರಿದು ಹಾಡಿದ್ದಾಳೆ ಎಂದು ಗೊತ್ತಾಯಿತು. ಎಲ್ಲರಿಗೂ ಜಾಗ ಹೇಳುವವಳು ತನಗೆ ಅಷ್ಟೇ ಜಾಗ ಕೊಟ್ಟುಕೊಂಡಿದ್ದಳು. ಸದ್ದು ಏರಿಸಿದರೆ ಹಾರ್ಮೋನಿಯಂ ಏರುತ್ತಿತ್ತು, ಅವಳು ಅಲ್ಲೇ ಉಳಿಯುತ್ತಿದ್ದಳು. ಸೀಟಿನ ತುದಿಗೆ ಬಂದು ಸ್ಪೀಕರಿಗೆ ಕಿವಿ ಹಚ್ಚಿದೆ. ಹುರುಪಿಲ್ಲದ, ಸಣ್ಣಗೆ ನಡುಗುವ ದನಿ. ಯಾರ ಹಾಗೂ ಇರಲಿಲ್ಲ.

ಹೇಳಬೇಕಾದದ್ದು ಸುಲಭವಿತ್ತು. ಕನ್ನಡದಲ್ಲಿ ಹೇಳಿದರೆ ಮತ್ತೆ ಏನು ಏನಾಗಿ ಕೇಳುತ್ತದೋ ಎಂದು ಹೆದರಿ ಅವಳ ಮರಾಠಿಯಲ್ಲೇ ಹೇಳಲು ಹೊರಟೆ. ಮೊದಲ ಸಲ ರೇಡಿಯೋದವರ ದನಿ ಬಂತು, ಅಳಿಸಿದೆ. ಮತ್ತೊಮ್ಮೆ ಅಳಿಸಿದೆ. ಆಮೇಲೆ ಬಂದ ದನಿ ಯಾರದೆಂದು ಗುರುತು ಸಿಗಲಿಲ್ಲ. ಒರಟಾಗಿತ್ತು, ಸ್ವಲ್ಪ ಹೆದರಿತ್ತು. “ಹಾಡು ಭಾಳ ಚಂದ ಐತಿ,” ಎಂದು ಕನ್ನಡದಲ್ಲೇ ಶುರುಮಾಡಿ, ಮುಖ್ಯ ಮಾತಿಗೆ ಮರಾಠಿಗೆ ಹೊರಳಿ, “ಜರಾ ಪುಢ ಯೇ,” ಎಂದೆ. ಸ್ವಲ್ಪ ಮುಂದೆ ಬಾ. ಕಳಿಸಿದೆ.

ಉತ್ತರ ಬೇಗ ಬಂತು. ನಗುತ್ತಿದ್ದಳು. “ಏ, ‘ಯೇ’ ಅಲ್ಲೋ. ‘ಆಣ’ ಅನಬೇಕು. ದನಿ ಪುಢ ಆಣ. ಅಂದ್ರ ದನಿ ಮುಂದ ತಾ ಅಂತ. ‘ಯೇ’ ಅಂದ್ರ ಮನಷ್ಯಾರಿಗೆ ಬಾ ಅಂದಂಗ. ಕಲಿ ಜರಾ ಮರಾಠಿ.” ಆಮೇಲೆ ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟ ಸದ್ದು. “ರವಿವಾರ ಮತ್ತ ಹಾಡಿ ಕಳಸ್ತೀನಿ.”

ಅವಳ ಮನೆಯಲ್ಲಿ ದನಿಯನ್ನು ಮುಂದೆ ತರುವ ಗುಂಡಿ ಇಲ್ಲ. ಇರುವುದು ಒಂದು ಸ್ಟೂಲು, ಒಂದು ಫೋನು. ದನಿ ಮುಂದೆ ಬರಬೇಕಾದರೆ ಅವಳೇ ಎದ್ದು ಬರಬೇಕು. ನಾನು ಅಂದದ್ದು ತಪ್ಪಾಗಿರಲಿಲ್ಲ. ಇದನ್ನು ಹೇಳಬೇಕೆಂದು ಫೋನಿನ ಗುಂಡಿ ಒತ್ತಿ ಹಿಡಿದೆ. ಹೊರಗೆ ಯಾರೋ ಕಬ್ಬಿಣ ಬಡಿಯುತ್ತಿದ್ದರು, ಒಳಗೆ ನನ್ನ ಉಸಿರು ತುಂಬಿಕೊಳ್ಳುತ್ತ ಹೋಯಿತು. ಬೆರಳು ತೆಗೆದೆ, ಬರೀ ಉಸಿರೇ ಅವಳ ಕಡೆ ಹೋಯಿತು.

ರವಿವಾರಕ್ಕೆ ಇನ್ನೂ ದಿನವಿದೆ.